ಜಕ್ಕಾಯನು ಕೊಟ್ಟ ನಾಲ್ಕರಷ್ಟು

ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿರುವ ಜಕ್ಕಾಯನ ಸಂಗತಿಯನ್ನು ನಮ್ಮ ಮಕ್ಕಳು ಸಹ ಬಲ್ಲರು. ಅವನು ಗಿಡ್ಡನು, ಮರ ಹತ್ತಿದನು ಎಂಬಷ್ಟರಲ್ಲಿಯೇ ಪಾಠವು ಮುಗಿಯುವದುಂಟು. ಇಳಿದ ಮೇಲೆ ಅವನು ಆಡಿದ ಮಾತೇ ಹೆಚ್ಚು ವಿಚಾರಿಸತಕ್ಕದ್ದು.

ಇವನು ಯೆರಿಕೋವಿನ ಸುಂಕದವರಲ್ಲಿ ಮುಖ್ಯಸ್ಥನು. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದೂ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡುವೆನೆಂದೂ ಹೇಳಿದನು. ಈ ನಾಲ್ಕರಷ್ಟು ಎಲ್ಲಿಂದ ಬಂತು? ಮೋಶೆಯ ಧರ್ಮಶಾಸ್ತ್ರದ ಪ್ರಕಾರ, ಪಾಪವನ್ನು ಒಪ್ಪಿಕೊಂಡವನು ಮೂಲಕ್ಕೆ ಐದನೆಯ ಒಂದು ಪಾಲನ್ನು ಕೂಡಿಸಿ ಕೊಟ್ಟರೆ ಸಾಕಾಗಿತ್ತು (ಅರಣ್ಯಕಾಂಡ 5:7). 10 ಸೇರು ಜೋಳ ಅಪಹರಿಸಿದವನು 12 ಸೇರು ಕೊಡಬೇಕು. ಕುರಿಯನ್ನು ಕದ್ದು ಕೊಯ್ದವನಿಗೆ ಅಥವಾ ಮಾರಿದವನಿಗೆ ನಾಲ್ಕು ಕುರಿಗಳ ದಂಡ (ವಿಮೋಚನಕಾಂಡ 22:1). ಯಾರೂ ನ್ಯಾಯಸ್ಥಾನಕ್ಕೆ ಎಳೆಯದಿದ್ದರೂ ಜಕ್ಕಾಯನು ಕುರಿಗಳ್ಳನ ಅಳತೆಯಿಂದಲೇ ತನ್ನನ್ನು ಅಳೆದುಕೊಂಡನು.

ಹಾಗಾದರೆ ಕ್ಷಮೆಯನ್ನು ಹಣಕ್ಕೆ ಕೊಂಡನೋ? ಇಲ್ಲ. ಕರ್ತನು ಮೊದಲು ಅವನನ್ನು ಹೆಸರು ಹಿಡಿದು ಕರೆದನು, ಅವನ ಮನೆಯಲ್ಲಿ ಇಳುಕೊಂಡನು, ಜನರು ಗುಣುಗುಟ್ಟಿದರು, ಅನಂತರವೇ ಅವನು ಗಂಟು ಬಿಚ್ಚಿದನು. ಆದರೂ ಬಿಚ್ಚಿಯೇ ಬಿಚ್ಚಿದನೆಂಬದನ್ನು ನಾವು ಗಮನಿಸಬೇಕು. ಬಡವರಿಗೆ ಕೊಟ್ಟ ಧರ್ಮದಲ್ಲಿ ಮೋಸಹೋದವರ ಬಾಕಿಯನ್ನು ಅವನು ಕಳೆದುಕೊಳ್ಳಲಿಲ್ಲ. ನೆರೆಯವನ ಹೊಲದ ಬದುವನ್ನು ಒತ್ತಿಕೊಂಡವನು ಸುಗ್ಗಿಯ ಕಾಣಿಕೆಯನ್ನು ಎಷ್ಟು ಹೆಚ್ಚಿಸಿದರೂ ಬದುವು ತನ್ನ ಸ್ಥಳಕ್ಕೆ ಹೋಗುವದಿಲ್ಲವಷ್ಟೆ.

ಮೋಸಹೋದವನು ಸತ್ತಿದ್ದರೆ ಏನು ಮಾಡುವದೆಂದು ಕೆಲವರು ಕೇಳುವರು. ಅದನ್ನೂ ಧರ್ಮಶಾಸ್ತ್ರವು ಬಿಟ್ಟಿಲ್ಲ. ಸಮೀಪಬಂಧುವಿಗೆ ಕೊಡಬೇಕು, ಬಂಧುವೂ ಇಲ್ಲದಿದ್ದರೆ ಅದು ಯೆಹೋವನದಾಗಿ ಯಾಜಕನಿಗೆ ಸಲ್ಲಬೇಕಾಗಿತ್ತು (ಅರಣ್ಯಕಾಂಡ 5:8).