ಕೌಟಿಲ್ಯ ಮಾರ್ಗದಿಂದ ಕಾಕ್‌ಪಿಟ್‌ಗೆ: ಹೊಸ ಪೈಲಟ್‌ಗೆ ಕೆಲಸ, ಸಂಬಳದ ಹಂತಗಳು

ಪೈಲಟ್ ಆಗಲು ಹೊರಟ ನಮ್ಮ ಹುಡುಗ ಹುಡುಗಿಯರಲ್ಲಿ ಬಹಳಷ್ಟು ಮಂದಿ ಒಂದಲ್ಲ ಒಂದು ಕೆಲಸಕ್ಕೆ ದಿಲ್ಲಿಗೆ ಬರುತ್ತಾರೆ. ಲೈಸೆನ್ಸ್ ಕೊಡುವ ಡಿಜಿಸಿಎ ಇರುವುದು ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಎದುರು. ವಾಯುಪಡೆಯ ವೈದ್ಯಕೀಯ ಕೇಂದ್ರ ಸುಬ್ರೋತೋ ಪಾರ್ಕಿನಲ್ಲಿ. ಇಂಡಿಗೋ, ಏರ್ ಇಂಡಿಯಾ ಕಚೇರಿಗಳು ಗುರುಗ್ರಾಮದಲ್ಲಿ. ಇವೆಲ್ಲದರ ನಡುವೆ ಚಾಣಕ್ಯಪುರಿ, ಅಲ್ಲಿನ ಕೌಟಿಲ್ಯ ಮಾರ್ಗದಲ್ಲಿ ನಮ್ಮ ಕರ್ನಾಟಕ ಭವನ. ಅಲ್ಲಿ ಕೋಣೆ ಸಿಗುತ್ತದೆಂದು ನಂಬಿ ಬರಬೇಡಿ, ಸರ್ಕಾರಿ ಅತಿಥಿಗಳಿಗೆ ಆದ್ಯತೆ. ಆದರೆ ತಂಗಲು ಈ ಸುತ್ತಮುತ್ತಲೇ ಜಾಗ ಹುಡುಕಿಕೊಳ್ಳಿ, ಓಡಾಟ ಅರ್ಧಕ್ಕರ್ಧ ಉಳಿಯುತ್ತದೆ.

ಹೆಚ್ಚಿನ ಮನೆಗಳು ಎಡವುವುದು ಕ್ರಮದಲ್ಲಿ. ಮೊದಲು ಫೀಸು ಕಟ್ಟಿ ಆಮೇಲೆ ಮೆಡಿಕಲ್‌ಗೆ ಹೋಗುತ್ತಾರೆ. ಮೊದಲು ಸಹಿ ಹಾಕಿ ಆಮೇಲೆ ಕರಾರು ಓದುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ ಎಂಬುದೇ ನನ್ನ ಮುಖ್ಯ ಮಾತು.

ಹಂತ 1: ದುಡ್ಡು ಕಟ್ಟುವ ಮೊದಲು ಮೆಡಿಕಲ್

ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಬೇಕು ಎಂಬುದು ಬಹುಕಾಲದ ನಿಯಮ. ಅದನ್ನು ಸಡಿಲಿಸುವ ಪ್ರಸ್ತಾಪ 2025ರಲ್ಲಿ ಬಂದಿರುವುದರಿಂದ ಈಗಿನ ಸ್ಥಿತಿಯನ್ನು ಡಿಜಿಸಿಎ ತಾಣದಲ್ಲಿ ನೋಡಿಕೊಳ್ಳಿ. ಕಾಮರ್ಸ್ ಓದಿದವರು ಈ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಕಟ್ಟಿ ಪಾಸು ಮಾಡುವುದುಂಟು.

ಡಿಜಿಸಿಎಯ ಇ-ಜಿಸಿಎ ಪೋರ್ಟಲ್‌ನಲ್ಲಿ ಖಾತೆ ತೆರೆದು ಮೊದಲು ಕ್ಲಾಸ್-2 ಮೆಡಿಕಲ್ ಮಾಡಿಸಿ, ಅದಾದ ಕೂಡಲೇ ಕ್ಲಾಸ್-1ಕ್ಕೆ ಸಮಯ ಕೇಳಿ. ಕ್ಲಾಸ್-2 ಸಿಕ್ಕರೆ ಹಾರಾಟ ಕಲಿಯಬಹುದು, ಆದರೆ ಹಾರಿಸಿ ಸಂಬಳ ತೆಗೆದುಕೊಳ್ಳಲು ಕ್ಲಾಸ್-1 ಬೇಕೇ ಬೇಕು. ಫ್ಲೈಯಿಂಗ್ ಶಾಲೆಯವರು ‘ಕ್ಲಾಸ್-2 ಸಾಕು, ಸೇರಿಕೊಳ್ಳಿ’ ಎನ್ನುತ್ತಾರೆ. ಅವರಿಗೆ ಸಾಕು, ನಿಮಗೆ ಸಾಲದು. ಮೊದಲ ಕ್ಲಾಸ್-1 ತಪಾಸಣೆಗೆ ದಿಲ್ಲಿಯ ಸುಬ್ರೋತೋ ಪಾರ್ಕ್ ಇದ್ದಂತೆ ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಇದೆ. ಎಲ್ಲಿ ಬೇಗ ದಿನಾಂಕ ಸಿಗುತ್ತದೋ ಅಲ್ಲಿಗೆ ಹೋಗಿ.

ಖಾಲಿ ಹೊಟ್ಟೆಯಲ್ಲಿ ರಕ್ತ, ಇಸಿಜಿ, ಎಕ್ಸ್-ರೇ, ಸ್ಕ್ಯಾನಿಂಗ್, ಕಿವಿ, ಹಲ್ಲು ಎಲ್ಲ ನೋಡುತ್ತಾರೆ. ಮನೆಯವರಿಗೆ ಹೆಚ್ಚು ಗಾಬರಿ ಕನ್ನಡಕದ್ದು. ಕನ್ನಡಕ ಹಾಕಿದಾಗ ದೃಷ್ಟಿ ಸರಿಯಾಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ನಿಜವಾಗಿ ಭಯಪಡಬೇಕಾದದ್ದು ಬಣ್ಣಗುರುಡಿಗೆ, ಮತ್ತು ಅದು ಇರುವುದು ಅನೇಕರಿಗೆ ಗೊತ್ತೇ ಇರುವುದಿಲ್ಲ. ಚುಕ್ಕಿಗಳ ನಡುವೆ ಅಂಕಿ ಗುರುತಿಸುವ ಇಶಿಹಾರಾ ಪುಸ್ತಕ ನಿಮ್ಮೂರಿನ ಕಣ್ಣಿನ ಡಾಕ್ಟರ ಬಳಿಯೂ ಇರುತ್ತದೆ. ದಿಲ್ಲಿ ರೈಲು ಹತ್ತುವ ಮೊದಲೇ ಅದನ್ನು ನೋಡಿಸಿಕೊಳ್ಳಿ. ‘ತಾತ್ಕಾಲಿಕವಾಗಿ ಅನರ್ಹ’ ಎಂದು ಬರೆದರೆ ಎದೆಗುಂದಬೇಡಿ. ತೂಕ, ರಕ್ತದ ಅಂಶಗಳಂಥ ಕಾರಣಗಳು ಚಿಕಿತ್ಸೆಯಿಂದ ಸರಿಹೋಗುತ್ತವೆ.

ಹಂತ 2: ಪರೀಕ್ಷೆಗಳು

ಡಿಜಿಸಿಎಯಿಂದ ಕಂಪ್ಯೂಟರ್ ನಂಬರ್ ಎಂಬ ಪರೀಕ್ಷಾ ಗುರುತಿನ ಸಂಖ್ಯೆ ಪಡೆದು ನ್ಯಾವಿಗೇಷನ್, ಹವಾಮಾನ, ರೆಗ್ಯುಲೇಷನ್ಸ್, ಟೆಕ್ನಿಕಲ್ ವಿಷಯಗಳನ್ನು ಬರೆಯಬೇಕು. ಪಾಸಾಗಲು ನೂರಕ್ಕೆ 70. ಜೊತೆಗೆ ರೇಡಿಯೋ ಮಾತುಕತೆಯ ಆರ್‌ಟಿಆರ್ ಪರೀಕ್ಷೆ ಮತ್ತು ಇಂಗ್ಲಿಷ್ ಪ್ರಾವೀಣ್ಯದ ಪರೀಕ್ಷೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಈ ಕೊನೆಯದಕ್ಕೆ ಹೆದರಬೇಕಿಲ್ಲ. ಸ್ಪಷ್ಟವಾಗಿ ಕೇಳಿಸಿಕೊಂಡು ಸ್ಪಷ್ಟವಾಗಿ ಉತ್ತರಿಸಿದರೆ ಸಾಕು. ಸಾಧ್ಯವಾದರೆ ಹಾರಾಟ ಶುರುವಾಗುವ ಮೊದಲೇ ಪರೀಕ್ಷೆಗಳನ್ನು ಮುಗಿಸಿ.

ಡಿಜಿಸಿಎ ಕಚೇರಿಯೊಳಗೆ ಕೆಲಸ ಮಾಡಿಸಿಕೊಡುತ್ತೇನೆಂದು ಬರುವ ದಲ್ಲಾಳಿಗಳಿಂದ ದೂರ ಇರಿ. ನಕಲಿ ಅಂಕಪಟ್ಟಿ ತೋರಿಸಿ ಲೈಸೆನ್ಸ್ ಪಡೆದಿದ್ದ ಪೈಲಟ್‌ಗಳನ್ನು 2011ರಲ್ಲಿ ದಿಲ್ಲಿ ಪೊಲೀಸರು ಬಂಧಿಸಿದರು. ಕಚೇರಿಗೆ ಹೋಗಲೇಬೇಕಾದರೆ ಚಾಣಕ್ಯಪುರಿಗೆ ಹತ್ತಿರದ ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಐಎನ್‌ಎ ನಿಲ್ದಾಣದಲ್ಲಿ ಹಳದಿ ಮಾರ್ಗಕ್ಕೆ ಬದಲಿಸಿ, ಜೋರ್ ಬಾಗ್‌ನಲ್ಲಿ ಇಳಿಯಿರಿ. ಅದೇ ಹಳದಿ ಮಾರ್ಗ ಆ ಕಡೆಗೆ ಗುರುಗ್ರಾಮಕ್ಕೂ ಹೋಗುತ್ತದೆ.

ಹಂತ 3: 200 ಗಂಟೆ

ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 18 ವರ್ಷ ತುಂಬಿರಬೇಕು, ಒಟ್ಟು 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ನೀವೇ ವಿಮಾನದ ಹೊಣೆ ಹೊತ್ತಿರಬೇಕು. ಕರ್ನಾಟಕದಲ್ಲಿ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಹಳೆಯದು. ಬೆಳಗಾವಿ, ಕಲಬುರಗಿ ನಿಲ್ದಾಣಗಳಲ್ಲೂ ತರಬೇತಿಗೆ ಜಾಗ ಕೊಡಲಾಗಿದೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರದ ಅಕಾಡೆಮಿ ಇದೆ. ಶಾಲೆ ನೋಡಲು ಹೋದಾಗ ಬ್ರೋಷರ್ ಪಕ್ಕಕ್ಕಿಡಿ. ಹ್ಯಾಂಗರ್‌ಗೆ ಹೋಗಿ, ಇವತ್ತು ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ವಿದ್ಯಾರ್ಥಿಗಳು ಎಷ್ಟು, ಹಿಂದಿನ ಬ್ಯಾಚು 200 ಗಂಟೆ ಮುಗಿಸಲು ಎಷ್ಟು ತಿಂಗಳು ತೆಗೆದುಕೊಂಡಿತು ಎಂದು ಕೇಳಿ. ವಿದ್ಯಾರ್ಥಿಗಳನ್ನೂ ಬೇರೆಯಾಗಿ ಮಾತಾಡಿಸಿ. ಪೂರ್ತಿ ಫೀಸನ್ನು ಒಂದೇ ಸಲ ಕಟ್ಟಬೇಡಿ. ಹಾರಿದಷ್ಟಕ್ಕೆ ಕಂತು ಎಂದು ಬರೆಸಿಕೊಳ್ಳಿ.

ವಿದೇಶಕ್ಕೆ ಹೋಗುವವರಿಗೆ ಚಾಣಕ್ಯಪುರಿ ಇನ್ನೊಂದು ಕಾರಣಕ್ಕೆ ಪರಿಚಯ: ಶಾಂತಿಪಥದಲ್ಲಿ ಅಮೆರಿಕದ ರಾಯಭಾರ ಕಚೇರಿ, ಸ್ವಲ್ಪ ಆಚೆ ನ್ಯೂಜಿಲೆಂಡ್ ಹೈಕಮಿಷನ್. ಆ ದೇಶಗಳಲ್ಲಿ ಹವೆ ಚೆನ್ನಾಗಿದ್ದು ಗಂಟೆಗಳು ಬೇಗ ಮುಗಿಯುತ್ತವೆ, ನಿಜ. ಆದರೆ ಆ ಲೈಸೆನ್ಸನ್ನು ಇಲ್ಲಿಗೆ ಬಂದು ಭಾರತದ ಲೈಸೆನ್ಸಾಗಿ ಬದಲಿಸಿಕೊಳ್ಳಬೇಕು. ಆ ಖರ್ಚು, ಆ ತಿಂಗಳುಗಳನ್ನು ಬಜೆಟ್‌ಗೆ ಸೇರಿಸಿಕೊಂಡು ಹೋಲಿಸಿ ನೋಡಿ.

ಹಂತ 4: ಕೆಲಸವಿಲ್ಲದ ಕಾಲಕ್ಕೆ ದುಡ್ಡು ಎತ್ತಿಡುವುದು

ಈ ಹಂತವನ್ನು ಯಾರೂ ಮೊದಲೇ ಹೇಳುವುದಿಲ್ಲ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಪತ್ರಿಕೆ ಓದಿದ ಅಪ್ಪ ಅಮ್ಮಂದಿರಿಗೆ ಮಕ್ಕಳ ಕೆಲಸ ಖಚಿತ ಅನ್ನಿಸಿತು. ಅದೇ ವರ್ಷ ಡಿಜಿಸಿಎ 1,622 ಹೊಸ ಕಮರ್ಷಿಯಲ್ ಲೈಸೆನ್ಸ್ ಕೊಟ್ಟಿತು. ಆರ್ಡರ್ ಮಾಡಿದ ವಿಮಾನ ಬರಲು ವರ್ಷಗಳು ಹಿಡಿಯುತ್ತವೆ, ಲೈಸೆನ್ಸ್ ಪಡೆದವರು ಆ ತಿಂಗಳೇ ಸಾಲಿನಲ್ಲಿ ನಿಲ್ಲುತ್ತಾರೆ. ಮೇಲಾಗಿ ಕಂಪನಿಗಳಿಗೆ ಹೆಚ್ಚು ಕೊರತೆ ಇರುವುದು ಅನುಭವಿ ಕ್ಯಾಪ್ಟನ್‌ಗಳದು. ಪ್ರತಿ ಹೊಸಬರ ಪಕ್ಕದಲ್ಲಿ ಕೂತು ಕಲಿಸಲು ಒಬ್ಬ ತರಬೇತಿ ಕ್ಯಾಪ್ಟನ್ ಬೇಕು, ಅವರ ಸಂಖ್ಯೆ ಎಷ್ಟೋ ಹೊಸಬರ ನೇಮಕಾತಿಯೂ ಅಷ್ಟೇ. ಕಂಪನಿಗಳ ಸ್ವಂತ ಕೆಡೆಟ್ ಯೋಜನೆಯಿಂದ ಬಂದವರು ಸಾಲಿನಲ್ಲಿ ಮುಂದೆ ಇರುತ್ತಾರೆ.

ಹೀಗಾಗಿ ಲೈಸೆನ್ಸ್ ಕೈಗೆ ಬಂದ ಮೇಲೆ ಒಂದೆರಡು ವರ್ಷ ಕಾಯಬೇಕಾಗಬಹುದು ಎಂದೇ ಲೆಕ್ಕ ಹಾಕಿ. ಬ್ಯಾಂಕಿನಲ್ಲಿ 50 ಲಕ್ಷ ಸಾಲ, ಬಡ್ಡಿ ಶೇ 11, ಅವಧಿ 15 ವರ್ಷ ಎಂದಿಟ್ಟುಕೊಂಡರೆ ಕಂತು ತಿಂಗಳಿಗೆ ಸುಮಾರು 57 ಸಾವಿರ. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷಕ್ಕೆ ಶುರುವಾಗುತ್ತದೆ, ಕೆಲಸ ಸಿಕ್ಕಿದೆಯೋ ಇಲ್ಲವೋ ಬ್ಯಾಂಕು ಕೇಳುವುದಿಲ್ಲ. ಊರಿನ ಮನೆ, ತೋಟ ಅಡವಿಟ್ಟಿದ್ದರೆ ಈ ಲೆಕ್ಕವನ್ನು ಅಪ್ಪನ ಎದುರು ಕೂತು ಕಾಗದದ ಮೇಲೆ ಬರೆಯಿರಿ.

ಕಾಯುವ ಕಾಲದಲ್ಲಿ ಕ್ಲಾಸ್-1 ಮೆಡಿಕಲ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್‌ನ (ಉಪಕರಣ ನೋಡಿ ಹಾರಿಸುವ ಅರ್ಹತೆಯ) ಗಡುವು ಮುಗಿಯಲು ಬಿಡಬೇಡಿ. ಕಂಪನಿಯಿಂದ ಕರೆಯ ಇಮೇಲ್ ಬಂದ ದಿನ ಮೆಡಿಕಲ್ ಮುಗಿದುಹೋಗಿದ್ದರೆ ಆ ಅವಕಾಶ ಕೈತಪ್ಪಿದಂತೆಯೇ. ಕೆಲವರು ಈ ಅವಧಿಯಲ್ಲಿ ಇನ್‌ಸ್ಟ್ರಕ್ಟರ್ ಆಗುತ್ತಾರೆ. ಸಂಬಳ ಕಡಿಮೆ, ಆದರೆ ಗಂಟೆ ಏರುತ್ತದೆ, ಕೈ ತುಕ್ಕು ಹಿಡಿಯುವುದಿಲ್ಲ. ಇದು ನನಗೆ ತುಂಬ ಇಷ್ಟವಾದ ದಾರಿ.

ಸ್ವಂತ ಖರ್ಚಿನಲ್ಲಿ ಏರ್‌ಬಸ್ ಎ320 ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಓಡಿಸುವ ಅರ್ಹತೆ) ಮಾಡಿಸುವ ಆಸೆ ಇದೇ ಹೊತ್ತಿನಲ್ಲಿ ಹುಟ್ಟುತ್ತದೆ. ಅದಕ್ಕೆ ಮತ್ತೆ ಹತ್ತು ಹದಿನೈದು ಲಕ್ಷ ಬೇಕು. ಟೈಪ್ ರೇಟಿಂಗ್ ಆದವರನ್ನೇ ಕರೆಯುತ್ತಿರುವ ಜಾಹೀರಾತು ಕಣ್ಣೆದುರು ಇಲ್ಲದಿದ್ದರೆ ಮಾಡಿಸಬೇಡಿ.

ಹಂತ 5: ಆಯ್ಕೆ

ಅರ್ಜಿಯನ್ನು ಕಂಪನಿಯ ಸ್ವಂತ ತಾಣದಲ್ಲೇ ಹಾಕಿ. ಸಂದರ್ಶನಕ್ಕೆ ಅಥವಾ ಆಫರ್ ಲೆಟರ್‌ಗೆ ಠೇವಣಿ ಕೇಳಿದರೆ ಅದು ಮೋಸ. ದೊಡ್ಡ ಹೆಸರುಗಳನ್ನೇ ಹಿಡಿದು ಕೂರಬೇಡಿ. ಬೆಳಗಾವಿಯಿಂದ ಹಾರುವ ಸ್ಟಾರ್ ಏರ್, ಸಣ್ಣ ಎಟಿಆರ್ ವಿಮಾನ ಓಡಿಸುವ ಅಲಯನ್ಸ್ ಏರ್ ಇವಕ್ಕೂ ಹಾಕಿ. ಸಣ್ಣ ವಿಮಾನದಲ್ಲಿ ಒಂದೇ ದಿನಕ್ಕೆ ಹಲವು ಸಲ ಏರಿ ಇಳಿಯುವುದರಿಂದ ಕಲಿಕೆ ಗಟ್ಟಿ.

ಲಿಖಿತ ಪರೀಕ್ಷೆ, ಕೈ-ಕಣ್ಣಿನ ಹೊಂದಾಣಿಕೆ ನೋಡುವ ಕಂಪ್ಯೂಟರ್ ಪರೀಕ್ಷೆ, ಮನೋಪರೀಕ್ಷೆ, ಗುಂಪು ಚರ್ಚೆ, ಸಿಮ್ಯುಲೇಟರ್, ಸಂದರ್ಶನ ಇರುತ್ತವೆ. ಸಿಮ್ಯುಲೇಟರ್‌ನಲ್ಲಿ ತಪ್ಪಾದರೆ ಅದನ್ನು ಬಾಯಿಬಿಟ್ಟು ಹೇಳಿ ಸರಿಪಡಿಸಿ, ಪಕ್ಕದವರು ಎಚ್ಚರಿಸಿದರೆ ಕೇಳಿಸಿಕೊಳ್ಳಿ. ಇಬ್ಬರು ಕೂಡಿ ವಿಮಾನ ಓಡಿಸಬಲ್ಲವರೇ ಎಂಬುದನ್ನೂ ಅವರು ಅಲ್ಲಿ ನೋಡುತ್ತಿರುತ್ತಾರೆ. ಲಾಗ್‌ಬುಕ್‌ನಲ್ಲಿ ತಿದ್ದಿದ ಅಂಕಿ, ಸಹಿಯಿಲ್ಲದ ಪುಟ ಇರಬಾರದು.

ಹಂತ 6: ಸಹಿ ಹಾಕುವ ಮೊದಲು

ಆಫರ್ ಬಂದ ದಿನ ಮನೆಯಲ್ಲಿ ಹಬ್ಬ. ಸಹಿಯನ್ನು ಮಾತ್ರ ಮಾರನೆಯ ದಿನಕ್ಕಿಡಿ, ಆ ರಾತ್ರಿ ಕರಾರು ಓದಿ. ಟೈಪ್ ರೇಟಿಂಗ್ ಖರ್ಚು ಯಾರದು? ಬಾಂಡ್ ಎಷ್ಟು ವರ್ಷ, ನಡುವೆ ಬಿಟ್ಟರೆ ಕಟ್ಟಬೇಕಾದ ಮೊತ್ತ ವರ್ಷ ಕಳೆದಂತೆ ಇಳಿಯುತ್ತದೆಯೇ? ತರಬೇತಿಯಲ್ಲಿ ಸಂಬಳ ಇದೆಯೇ, ಸ್ಟೈಪೆಂಡ್ ಮಾತ್ರವೇ? ಪೂರ್ತಿ ಸಂಬಳ ಶುರುವಾಗುವುದು ಸೇರಿದ ದಿನದಿಂದಲೋ, ತರಬೇತಿ ಮುಗಿಸಿ ಲೈನಿಗೆ ಬಿಟ್ಟ ದಿನದಿಂದಲೋ? ನೋಟಿಸ್ ಅವಧಿಯೂ ಉದ್ದ: 2017ರ ಡಿಜಿಸಿಎ ನಿಯಮದ ಪ್ರಕಾರ ಕೋಪೈಲಟ್‌ಗೆ ಆರು ತಿಂಗಳು, ಕ್ಯಾಪ್ಟನ್‌ಗೆ ಒಂದು ವರ್ಷ. ಅರ್ಥವಾಗದ ಸಾಲು ಇದ್ದರೆ ವಕೀಲರಿಗೆ ತೋರಿಸಿ. ಬೆಂಗಳೂರು ಬೇಸ್ ಎಲ್ಲರಿಗೂ ಬೇಕು, ಮೊದಲ ಸಲ ಕೊಟ್ಟ ಊರನ್ನು ಒಪ್ಪಿಕೊಳ್ಳಿ.

ಹಂತ 7: ತರಬೇತಿಯ ತಿಂಗಳುಗಳು

ಗ್ರೌಂಡ್ ಕ್ಲಾಸ್, ಸಿಮ್ಯುಲೇಟರ್, ಲೈಸೆನ್ಸ್ ಮೇಲೆ ಟೈಪ್ ನಮೂದು, ನಿಲ್ದಾಣ ಪ್ರವೇಶದ ಪಾಸು, ಕೊನೆಗೆ ಪ್ರಯಾಣಿಕರಿರುವ ವಿಮಾನದಲ್ಲಿ ತರಬೇತಿ ಕ್ಯಾಪ್ಟನ್ ಪಕ್ಕ ಹಾರಾಟ. ರಿಲೀಸ್ ಚೆಕ್ ಪಾಸಾದ ಮೇಲೆ ನೀವು ಕೋಪೈಲಟ್. ಪಾಸಿನ ಹಿನ್ನೆಲೆ ಪರಿಶೀಲನೆಗೆ ಊರಿನ ವಿಳಾಸ ಎಲ್ಲ ದಾಖಲೆಗಳಲ್ಲೂ ಒಂದೇ ರೀತಿ ಇರಲಿ.

ಹಂತ 8: ಸಂಬಳದ ಚೀಟಿ ಓದುವುದು

ಮೂಲವೇತನ ಒಂದು ಭಾಗ, ಹಾರಾಟದ ಭತ್ಯೆ ದೊಡ್ಡ ಭಾಗ. ಆ ಭತ್ಯೆ ಎಣಿಕೆಯಾಗುವುದು ಬ್ಲಾಕ್ ಅವರ್‌ನಲ್ಲಿ: ಚಕ್ರಕ್ಕೆ ಕೊಟ್ಟ ಚಾಕ್ ತೆಗೆದು ವಿಮಾನ ಹೊರಟ ಗಳಿಗೆಯಿಂದ ಇಳಿದ ಮೇಲೆ ಮತ್ತೆ ಚಾಕ್ ಕೊಡುವವರೆಗೆ. ದಿಲ್ಲಿಯ ಜನವರಿ ಮಂಜಿನಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಗೇಟಿನಲ್ಲೇ ಎರಡು ಗಂಟೆ ಕಾದರೆ ಬ್ಲಾಕ್ ಗಡಿಯಾರ ಓಡುವುದಿಲ್ಲ, ಹೊರಟು ರನ್‌ವೇ ಸರದಿಯಲ್ಲಿ ನಿಂತರೆ ಓಡುತ್ತದೆ. ಹಾರಾಟಕ್ಕೆ ಒಂದು ಗಂಟೆ ಮೊದಲು ಬಂದು ಹವಾಮಾನ, ಇಂಧನದ ಕಾಗದ ನೋಡುವ ಹೊತ್ತೂ ಇದರಲ್ಲಿ ಸೇರುವುದಿಲ್ಲ.

ಕೆಲವು ಕರಾರುಗಳಲ್ಲಿ ಖಾತರಿ ಗಂಟೆ ಇರುತ್ತದೆ. ಲೆಕ್ಕಕ್ಕೆ ಖಾತರಿ 40 ಗಂಟೆ, ಗಂಟೆಗೆ 2,000 ರೂಪಾಯಿ ಎಂದುಕೊಳ್ಳಿ. 28 ಗಂಟೆ ಹಾರಿದ ತಿಂಗಳೂ 80,000 ಬರುತ್ತದೆ, 62 ಹಾರಿದರೆ ಮೇಲೆ 44,000. ರಜೆ ಹಾಕಿದರೆ ಖಾತರಿ ಕಡಿತವಾಗುತ್ತದೆಯೇ ಎಂದು ನೋಡಿ. ರಾತ್ರಿ ತಂಗುವ ಭತ್ಯೆ, ಡ್ಯೂಟಿಗಾಗಿ ಪ್ರಯಾಣಿಕರಾಗಿ ಹೋಗುವ ಡೆಡ್‌ಹೆಡ್ ಭತ್ಯೆ ಬೇರೆ ಸಾಲುಗಳಲ್ಲಿ ಇರುತ್ತವೆ. ಪ್ರತಿ ಹಾರಾಟದ ಸಮಯವನ್ನು ನಿಮ್ಮ ಲಾಗ್‌ಬುಕ್‌ನಲ್ಲಿ ಬರೆದಿಟ್ಟು ತಿಂಗಳ ಕೊನೆಗೆ ತಾಳೆ ನೋಡಿ.

ವರ್ಷಕ್ಕೆ 1,000 ಗಂಟೆ ಎಂಬ ಮಿತಿ ಇದೆ. ಹೊಸ ವಿಶ್ರಾಂತಿ ನಿಯಮಗಳು ವಾರದ ಬಿಡುವನ್ನು 36ರಿಂದ 48 ಗಂಟೆಗೆ ಏರಿಸಿವೆ. ದಣಿದಿದ್ದರೆ ದಣಿದಿದ್ದೇನೆ ಎಂದು ಹೇಳಿ. ಭತ್ಯೆಯ ಆಸೆಗೆ ಸುಮ್ಮನಿರುವುದು ಹಿಂದೆ ಕೂತ ನೂರೆಂಬತ್ತು ಜನರಿಗೆ ಮಾಡುವ ಅನ್ಯಾಯ. ಮೆಡಿಕಲ್ ಕೈಕೊಟ್ಟರೆ ಸಂಬಳವೂ ನಿಲ್ಲುತ್ತದೆ, ಆದ್ದರಿಂದ ಮೊದಲ ವರ್ಷವೇ ಲೈಸೆನ್ಸ್ ನಷ್ಟದ ವಿಮೆ ಮಾಡಿಸಿ.

ಹಂತ 9: ಕಂಪನಿಯೇ ನಿಂತರೆ

ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇನಲ್ಲಿ. ಕಿಂಗ್‌ಫಿಷರ್ ಮತ್ತು ಜೆಟ್‌ನಲ್ಲಿ ವಿಮಾನ ನಿಲ್ಲುವ ತಿಂಗಳುಗಳ ಮೊದಲೇ ಸಂಬಳ ನಿಂತಿತ್ತು. ಆರು ತಿಂಗಳ ಸಾಲದ ಕಂತು ಕೈಯಲ್ಲಿರಲಿ. ಪ್ರಕರಣ ದಿವಾಳಿ ಪ್ರಕ್ರಿಯೆಗೆ ಹೋದರೆ ನೌಕರರು ಬಾಕಿ ಸಂಬಳವನ್ನು ಫಾರ್ಮ್ ಡಿಯಲ್ಲಿ, ಪ್ರಕಟಣೆಯಲ್ಲಿ ಕೊಟ್ಟ ಗಡುವಿನೊಳಗೆ, ನೇಮಕವಾದ ಅಧಿಕಾರಿಗೆ ಸಲ್ಲಿಸಬೇಕು. ಅದಕ್ಕೆ ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16 ಆಧಾರ. ಕಂಪನಿ ಮುಚ್ಚಿದ ಮೇಲೆ ಕಂಪನಿಯ ಇಮೇಲ್ ತೆರೆಯುವುದಿಲ್ಲ, ಹಾಗಾಗಿ ಚೀಟಿ ಬಂದ ಪ್ರತಿ ತಿಂಗಳೂ ಒಂದು ಪ್ರತಿಯನ್ನು ನಿಮ್ಮ ಸ್ವಂತ ಖಾತೆಗೆ ಇಳಿಸಿಟ್ಟುಕೊಳ್ಳಿ.