ಮೊದಲು ಚೂರು ಬಟ್ಟೆ, ಆಮೇಲೆ ರೇಷ್ಮೆ ರವಿಕೆ

ಅನ್ನ ಬೆಂದಿದೆಯೇ ಎಂದು ನೋಡಲು ಏನು ಮಾಡುತ್ತೇವೆ? ಒಂದು ಅಗುಳು ತೆಗೆದು ಹಿಸುಕುತ್ತೇವೆ. ಇಡೀ ಪಾತ್ರೆ ಬಗ್ಗಿಸಿ ನೋಡುವುದಿಲ್ಲ. ಸಾರಿಗೆ ಉಪ್ಪು ಸಾಕೋ ಬೇಕೋ? ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕುತ್ತೇವೆ.

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. ಗೂಡು ಕೊಳ್ಳಲು ಬಂದ ರೀಲರು ಸುಮ್ಮನೆ ಬೆಲೆ ಕೂಗುವುದಿಲ್ಲ. ಒಂದು ಹಿಡಿ ಗೂಡು ಕೈಗೆ ತೆಗೆದುಕೊಳ್ಳುತ್ತಾರೆ. ಒತ್ತಿ ನೋಡುತ್ತಾರೆ. ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಹುಳು ಕೋಶ ಕಟ್ಟಿದ್ದರೆ ಲೊಟಲೊಟ ಸದ್ದು ಬರುತ್ತದೆ. ಒಂದು ಹಿಡಿಯಿಂದ ಇಡೀ ರಾಶಿಯ ಗುಣ ತಿಳಿಯುತ್ತದೆ.

ಇದಕ್ಕೆ ಪರೀಕ್ಷೆ ಎನ್ನುತ್ತಾರೆ. ಅಡುಗೆಗೆ ಪರೀಕ್ಷೆ ಉಂಟು. ಗೂಡಿಗೆ ಪರೀಕ್ಷೆ ಉಂಟು. ಹಾಗಾದರೆ ಮಿಷನ್ ಕಸೂತಿಗೆ ಬೇಡವೇ?

ಬೇಕು. ಅದು ಹೇಗೆ ಎಂದು ಈ ಪಾಠದಲ್ಲಿ ತಿಳಿಯೋಣ.

ರೇಷ್ಮೆ ಸುಮ್ಮನೆ ಬಂದದ್ದಲ್ಲ

ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಮೊದಲು ಕೋಲಾರ ಜಿಲ್ಲೆಯಲ್ಲಿದ್ದವು. 2007ರಲ್ಲಿ ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಯಿತು. ಜಿಲ್ಲೆ ಬದಲಾದರೂ ಕಸುಬು ಬದಲಾಗಲಿಲ್ಲ. ಈ ಕಡೆ ಹಿಪ್ಪುನೇರಳೆ ತೋಟ ಇದೆ. ಹುಳು ಸಾಕುವ ಮನೆಗಳಿವೆ. ನೂಲು ಬಿಚ್ಚುವವರೂ ಇದ್ದಾರೆ.

ಹುಳುವಿನ ಕಷ್ಟ ನಿಮಗೆ ಗೊತ್ತು. ಸುಮಾರು 25 ದಿನ ಸೊಪ್ಪು ಹಾಕಬೇಕು. ರಾತ್ರಿಯೂ ಎದ್ದು ನೋಡಬೇಕು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡಬೇಕು. ಆಮೇಲೆ ಗೂಡು, ನೂಲು, ಹುರಿ, ಬಣ್ಣ, ಮಗ್ಗ. ಇಷ್ಟು ಕೈ ದಾಟಿ ಒಂದು ರೇಷ್ಮೆ ಬಟ್ಟೆ ಆಗುತ್ತದೆ.

ಅಂಥ ಬಟ್ಟೆಗೆ ಒಮ್ಮೆ ಸೂಜಿ ಚುಚ್ಚಿದರೆ ತೂತು ಉಳಿಯುತ್ತದೆ. ದಾರ ಬಿಚ್ಚಬಹುದು. ತೂತು ಮುಚ್ಚುವುದು ಕಷ್ಟ. ಹತ್ತಿ ಬಟ್ಟೆಯಾದರೆ ಒಗೆದಾಗ ಎಳೆ ಸ್ವಲ್ಪ ಕೂಡಿಕೊಳ್ಳುತ್ತದೆ. ತೆಳು ರೇಷ್ಮೆಯಲ್ಲಿ ತೂತಿನ ಸಾಲು ಎದ್ದು ಕಾಣುತ್ತದೆ. ಅದಕ್ಕೇ ರೇಷ್ಮೆಯ ಮೇಲೆ ಕಲಿಯಬಾರದು. ಕಲಿತದ್ದನ್ನು ರೇಷ್ಮೆಯ ಮೇಲೆ ಹಾಕಬೇಕು.

ಅಕ್ಕ ತಂಗಿಯ ಮಾತು

ತಂಗಿ ಹೊಸದಾಗಿ ಕಸೂತಿ ಮಿಷನ್ ಕೆಲಸ ಕಲಿತಿದ್ದಾಳೆ. ಅಕ್ಕನಿಗೆ ಹಲವು ವರ್ಷದ ಅನುಭವ. ಮದುವೆ ಮನೆಯ ರವಿಕೆಯೊಂದು ಕೈಗೆ ಬಂದಿದೆ.

ತಂಗಿ: ಅಕ್ಕಾ, ಭಾನುವಾರವೇ ಮುಹೂರ್ತ ಅಂತೆ. ಚೂರು ಬಟ್ಟೆ ಮೇಲೆ ಹಾಕ್ತಾ ಕೂತ್ರೆ ಹೊತ್ತು ಹೋಗಲ್ವಾ?

ಅಕ್ಕ: ಎಷ್ಟು ಹೊತ್ತು ಹೋಗ್ತದೆ ಹೇಳು.

ತಂಗಿ: ಅರ್ಧ ಗಂಟೆ.

ಅಕ್ಕ: ರವಿಕೆ ಕೆಟ್ಟರೆ ಎಷ್ಟು ಹೋಗ್ತದೆ?

ತಂಗಿ: ಬಟ್ಟೆ ದುಡ್ಡು ಕೊಡ್ಬೇಕು. ಕೂಲಿನೂ ಬರಲ್ಲ.

ಅಕ್ಕ: ಅಷ್ಟೇನಾ? ಸೀರೆಯಲ್ಲೇ ನೇಯ್ದ ರವಿಕೆ ಬಟ್ಟೆ ಕಣಮ್ಮ ಅದು. ದುಡ್ಡು ಕೊಟ್ರೂ ಅದೇ ಬಣ್ಣ, ಅದೇ ಅಂಚು ಅಂಗಡೀಲಿ ಸಿಗಲ್ಲ. ಆ ಹುಡುಗಿ ಮದುವೆ ದಿನ ಏನು ತೊಡ್ತಾಳೆ? ಆಮೇಲೆ ಆ ಬೀದಿಯವರು ನಿನ್ನ ಹತ್ರ ಬರ್ತಾರಾ?

ತಂಗಿ ಸುಮ್ಮನಾದಳು. ಚೂರು ಬಟ್ಟೆ ಹುಡುಕಲು ಎದ್ದಳು.

ಲೆಕ್ಕ ಹಾಕಿ ನೋಡೋಣ

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ನಿಮ್ಮ ಊರಿನ ಬೆಲೆ ಬೇರೆ ಇರಬಹುದು.

ರವಿಕೆ ಬಟ್ಟೆ: 600 ರೂಪಾಯಿ
ಕಸೂತಿ ಕೂಲಿ: 400 ರೂಪಾಯಿ
ಪರೀಕ್ಷೆಗೆ ದಾರ, ಚೂರು ಬಟ್ಟೆ, ಕ್ಯಾನ್ವಾಸ್: 30 ರೂಪಾಯಿ

ಪರೀಕ್ಷೆ ಮಾಡಿದರೆ 400 ರೂಪಾಯಿ ಕೂಲಿಯಲ್ಲಿ 30 ಕಳೆದು 370 ಕೈಗೆ ಬರುತ್ತದೆ. ಪರೀಕ್ಷೆ ಮಾಡದೆ ಬಟ್ಟೆ ಕೆಟ್ಟರೆ ಕೂಲಿ 400 ಬರುವುದಿಲ್ಲ. ಮೇಲೆ 600 ಕೊಡಬೇಕು. ಮೂವತ್ತು ಉಳಿಸಲು ಹೋಗಿ ಸಾವಿರ ಕಳೆದಂತೆ.

ಪರೀಕ್ಷೆ ಎರಡು ಸಲ

ಮೊದಲನೆಯ ಸಲ ಅಗ್ಗದ ಬಟ್ಟೆಯ ಮೇಲೆ ಇಡೀ ಡಿಸೈನ್ ಹಾಕಿ. ಆಗ ಡಿಸೈನಿನ ತಪ್ಪು ಗೊತ್ತಾಗುತ್ತದೆ. ಯಾವ ಬಣ್ಣ ಮೊದಲು ಬರುತ್ತದೆ? ಎಲ್ಲಿ ದಾರ ಒಂದು ಹೂವಿನಿಂದ ಇನ್ನೊಂದಕ್ಕೆ ಹಾರುತ್ತದೆ? ಹೂವಿನ ಅಂಚಿನ ಗೆರೆಗೂ ಒಳಗಿನ ತುಂಬುಹೊಲಿಗೆಗೂ ನಡುವೆ ಸಂದು ಬಿಟ್ಟಿದೆಯೇ?

ಎರಡನೆಯ ಸಲ ನಿಜವಾದ ಬಟ್ಟೆಯ ಮೂಲೆಯಲ್ಲಿ ಒಂದು ಎಲೆ ಅಥವಾ ಒಂದು ಎಸಳು ಮಾತ್ರ ಹಾಕಿ. ಮೂಲೆ ಎಲ್ಲಿ ಸಿಗುತ್ತದೆ? ಕಸೂತಿ ಹಾಕುವುದಕ್ಕೆ ಮೊದಲು ರವಿಕೆಯನ್ನು ಕತ್ತರಿಸಬೇಡಿ. ಬಟ್ಟೆಯ ಮೇಲೆ ಬೆನ್ನು, ಎದೆ, ತೋಳು ಗುರುತು ಮಾಡಿ. ಗುರುತಿನ ಹೊರಗೆ ಉಳಿಯುವ ಜಾಗ ಹೇಗೂ ಕತ್ತರಿಸಿ ಬಿಸಾಡುವಂಥದ್ದು. ಅಲ್ಲಿ ಹಾಕಿ ನೋಡಿ.

ಜಾಗ ಉಳಿಯದಿದ್ದರೆ ಅದೇ ತೂಕದ, ಅದೇ ಬಗೆಯ ಬೇರೆ ಬಟ್ಟೆ ತೆಗೆದುಕೊಳ್ಳಿ. ದಪ್ಪ ಹತ್ತಿಯ ಮೇಲೆ ಚೆನ್ನಾಗಿ ಬಂದದ್ದು ತೆಳು ರೇಷ್ಮೆಯ ಮೇಲೆ ಮುದುರಬಹುದು. ಅದೇ ದಾರ, ಅದೇ ಸೂಜಿ, ಅದೇ ಕ್ಯಾನ್ವಾಸ್, ಅದೇ ವೇಗ ಇರಲಿ. ಒಂದು ಬದಲಾದರೂ ಪರೀಕ್ಷೆ ಸುಳ್ಳಾಗುತ್ತದೆ.

ಏನೇನು ನೋಡಬೇಕು?

*1. ಅಳತೆ ಮತ್ತು ಜಾಗ.* ಡಿಸೈನನ್ನು ಕಾಗದದಲ್ಲಿ ಅದೇ ಅಳತೆಗೆ ಕತ್ತರಿಸಿ. ರವಿಕೆಯ ತೋಳಿನ ಜಾಗದಲ್ಲಿ ಗುಂಡುಸೂಜಿಯಿಂದ ಚುಚ್ಚಿ ನೋಡಿ. ಹೊಲಿಗೆಯೊಳಗೆ ಸೇರಿ ಹೋಗುತ್ತದೆಯೇ? ಬಲ ತೋಳಿನ ನವಿಲು ಎಡಕ್ಕೆ ನೋಡಿದರೆ ಎಡ ತೋಳಿನ ನವಿಲು ಬಲಕ್ಕೆ ನೋಡಬೇಕು. ಕಾಗದವನ್ನು ಮಗುಚಿದರೆ ಎರಡನೆಯ ನವಿಲು ಸಿಗುತ್ತದೆ.

*2. ಗುರುತು.* ಟ್ರೇಸಿಂಗ್ ಕಾಗದದ ಪುಡಿ, ಪೆನ್ಸಿಲ್, ಸೀಮೆಸುಣ್ಣ ಎಲ್ಲವೂ ಎಲ್ಲ ಬಟ್ಟೆಯಿಂದ ಹೋಗುವುದಿಲ್ಲ. ಮೂಲೆಯಲ್ಲಿ ಒಂದು ಗೆರೆ ಎಳೆದು ಅಳಿಸಿ ನೋಡಿ. ಹೋಗದಿದ್ದರೆ ಬೇರೆ ದಾರಿ ಹುಡುಕಿ. ನೀರು ತಾಗಿದರೆ ಕಲೆ ಬೀಳುವ ರೇಷ್ಮೆಯೂ ಉಂಟು. ಅದನ್ನೂ ಮೂಲೆಯಲ್ಲೇ ನೋಡಿ.

*3. ಸುಕ್ಕು.* ಹೂವಿನ ಸುತ್ತ ಬಟ್ಟೆ ನೆರಿಗೆ ಬಿದ್ದಿದೆಯೇ? ರಿಂಗಿನಲ್ಲಿ ಬಟ್ಟೆ ಸಡಿಲವಾಗಿರಬಹುದು. ಅಡಿಯ ಕ್ಯಾನ್ವಾಸ್ ತೆಳುವಾಗಿರಬಹುದು. ದಾರ ತುಂಬ ಬಿಗಿಯಾಗಿರಬಹುದು. ಹೊಲಿಗೆ ತೀರ ಒತ್ತಾಗಿರಬಹುದು. ರಿಂಗ್ ಹಾಕಿದ ಮೇಲೆ ಬಟ್ಟೆಯನ್ನು ಎಳೆದು ಎಳೆದು ಬಿಗಿ ಮಾಡಬೇಡಿ. ರಿಂಗ್ ತೆಗೆದಾಗ ಎಳೆದ ಬಟ್ಟೆ ಹಿಂದಕ್ಕೆ ಹೋಗಿ ಸುಕ್ಕಾಗುತ್ತದೆ.

*4. ಹಿಂಭಾಗ.* ಬಟ್ಟೆ ಮಗುಚಿ ನೋಡಿ. ಧಾರವಾಡ ಕಡೆಯ ಕೈಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ ಹೊಲಿಗೆಗಳು ಎರಡು ಬದಿಯಲ್ಲೂ ಒಂದೇ ರೀತಿ ಕಾಣುತ್ತವೆ. ಮಿಷನ್ ಕೆಲಸ ಹಾಗೆ ಕಾಣುವುದಿಲ್ಲ. ಆದರೆ ಅದರ ಹಿಂಭಾಗವೂ ಮಾತಾಡುತ್ತದೆ. ಒತ್ತುಹೊಲಿಗೆಯ ಪಟ್ಟಿಯ ಹಿಂದೆ, ನಡುವಿನಲ್ಲಿ, ಮೂರರಲ್ಲಿ ಒಂದು ಪಾಲು ಬಾಬಿನ್ ದಾರ ಕಂಡರೆ ಬಿಗಿ ಸರಿಯಾಗಿದೆ. ಬಾಬಿನ್ ದಾರ ಮೇಲುಭಾಗಕ್ಕೆ ಬಂದರೆ ಮೇಲಿನ ದಾರ ಹೆಚ್ಚು ಬಿಗಿ, ಇಲ್ಲವೇ ಬಾಬಿನ್ ಸಡಿಲ. ಹಿಂದೆ ಮೇಲಿನ ದಾರದ ಕುಣಿಕೆಗಳು ಗುಂಪಾಗಿದ್ದರೆ ಮೇಲಿನ ದಾರ ಸಡಿಲ, ಇಲ್ಲವೇ ದಾರ ಪೋಣಿಸಿದ್ದು ತಪ್ಪು.

*5. ದಾರ ಕಡಿಯುವುದು.* ಕೂಡಲೇ ಬಿಗಿಯ ತಿರುಪು ತಿರುಗಿಸಬೇಡಿ. ಮೊದಲು ದಾರ ಬಿಚ್ಚಿ ಮತ್ತೆ ಪೋಣಿಸಿ. ಆಮೇಲೆ ಸೂಜಿ ಬದಲಿಸಿ. ಮೊಂಡ ಸೂಜಿ ರೇಷ್ಮೆಯ ಎಳೆಯನ್ನೂ ಎಳೆದು ಹಾಕುತ್ತದೆ. ಅದಾದ ಮೇಲೂ ಕಡಿದರೆ ತಿರುಪು ಮುಟ್ಟಿ. ಜರಿ ದಾರಕ್ಕೆ ಕಣ್ಣು ದೊಡ್ಡದಿರುವ ಸೂಜಿ ಬೇಕು. ಬಿಗಿ ಕಡಿಮೆ ಇರಲಿ. ವೇಗವೂ ಕಡಿಮೆ ಇರಲಿ.

*6. ಬಣ್ಣ.* ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಕಸೂತಿ ದಾರವನ್ನು ಉಜ್ಜಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ದಾರ ಬೇಡ. ಕೆಂಪು, ಕಪ್ಪು, ಕಡುನೀಲಿ ದಾರಗಳನ್ನು ತಪ್ಪದೆ ಹೀಗೆ ನೋಡಿ. ಒಗೆಯುವ ಬಟ್ಟೆಯಾದರೆ ಚೂರನ್ನು ಸೋಪಿನಲ್ಲಿ ಒಗೆದು ಒಣಗಿಸಿ. ಮಡಿಸಿದ ಟವಲಿನ ಮೇಲೆ ಮಗುಚಿ ಹಾಕಿ ಹಿಂಭಾಗದಿಂದ ಇಸ್ತ್ರಿ ಮಾಡಿ. ಬಟ್ಟೆ ಕುಗ್ಗಿದೆಯೇ ಎಂದು ಅಳೆಯಿರಿ.

ಕಂಪ್ಯೂಟರ್ ಮಿಷನ್ ಆದರೂ ಪರೀಕ್ಷೆ ಬೇಕು

ಕಾಲಿನಿಂದ ತುಳಿಯುವ ಮಿಷನ್ನಿನಲ್ಲಿ ರಿಂಗನ್ನು ಕೈಯಿಂದ ಆಡಿಸುತ್ತೇವೆ. ತಪ್ಪಾದರೆ ಅಲ್ಲೇ ನಿಲ್ಲಿಸುತ್ತೇವೆ. ಕಂಪ್ಯೂಟರ್ ಮಿಷನ್ ಹಾಗಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತದೆ. ತಪ್ಪು ಹೇಳಿದರೆ ತಪ್ಪನ್ನೂ ವೇಗವಾಗಿ ಮಾಡುತ್ತದೆ.

ಒಂದು ಡಿಸೈನಿನಲ್ಲಿ 12,000 ಹೊಲಿಗೆ ಇದೆ ಎನ್ನೋಣ. ಮಿಷನ್ ನಿಮಿಷಕ್ಕೆ 600 ಹೊಲಿಗೆ ಹಾಕುತ್ತದೆ ಎನ್ನೋಣ. 12,000ವನ್ನು 600ರಿಂದ ಭಾಗಿಸಿದರೆ 20. ಅಂದರೆ 20 ನಿಮಿಷ. ಬಣ್ಣ ಬದಲಿಸುವ ಹೊತ್ತು ಬೇರೆ. ಪರೀಕ್ಷೆ ಮಾಡಿದರೆ ಗಿರಾಕಿಗೆ ಯಾವಾಗ ಬಾ ಎನ್ನಬೇಕು, ಎಷ್ಟು ಕೂಲಿ ಕೇಳಬೇಕು ಎಂಬುದೂ ಗೊತ್ತಾಗುತ್ತದೆ.

ಇನ್ನೊಂದು ಮಾತು. ದೊಡ್ಡ ಡಿಸೈನನ್ನು ಮಿಷನ್ನಿನಲ್ಲೇ ತುಂಬ ಚಿಕ್ಕದು ಮಾಡಬೇಡಿ. ಜಾಗ ಕಡಿಮೆಯಾಗುತ್ತದೆ, ಹೊಲಿಗೆ ಅಷ್ಟೇ ಉಳಿಯಬಹುದು. ಆಗ ಹೂವು ಗಟ್ಟಿ ಗಂಟಾಗುತ್ತದೆ. ಸೂಜಿ ಮುರಿಯುತ್ತದೆ. ಅಳತೆ ಬದಲಿಸಿದರೆ ಅದು ಹೊಸ ಡಿಸೈನ್ ಎಂದೇ ತಿಳಿದು ಮತ್ತೆ ಪರೀಕ್ಷೆ ಮಾಡಿ.

ಧನವೋ? ದನವೋ?

ಶಾಲೆಯ ಬ್ಯಾಡ್ಜು, ಅಂಗಡಿಯ ಚೀಲ, ಮಗುವಿನ ಅಂಗಿ – ಇವುಗಳ ಮೇಲೆ ಹೆಸರು ಹಾಕಿಸುವವರು ಬರುತ್ತಾರೆ. ಇಲ್ಲಿ ನಿಮ್ಮ ಓದು ಕೆಲಸಕ್ಕೆ ಬರುತ್ತದೆ.

ನಮ್ಮ ಅಕ್ಷರಗಳಲ್ಲಿ ಸಣ್ಣ ಗುರುತಿಗೆ ದೊಡ್ಡ ಅರ್ಥ. 'ಧ' ಅಕ್ಷರದ ಕೆಳಗಿನ ಸೀಳು ದಾರದಲ್ಲಿ ಮುಚ್ಚಿಹೋದರೆ ಅದು 'ದ' ಆಗುತ್ತದೆ. ಧನಲಕ್ಷ್ಮಿ ಹೋಗಿ ದನಲಕ್ಷ್ಮಿ ಆಗುತ್ತಾಳೆ! ಅಕ್ಷರ ಓದಲು ಬಾರದವರಿಗೆ ಎರಡೂ ಒಂದೇ ಚಿತ್ರ. ನೀವು ಈಗ ಓದುತ್ತೀರಿ. ನಿಮ್ಮ ಕಣ್ಣಿಗೆ ತಪ್ಪು ಸಿಗುತ್ತದೆ.

ಒತ್ತಕ್ಷರವೂ ಹಾಗೆಯೇ. ಚಿಕ್ಕದಾಗಿ ಹಾಕಿದರೆ ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಗುಡ್ಡೆಯಾಗುತ್ತದೆ. ನಮ್ಮ ಜಿಲ್ಲೆಯ ಊರುಗಳ ಹೆಸರೇ ಒಳ್ಳೆಯ ಪರೀಕ್ಷೆ. ಚೂರು ಬಟ್ಟೆಯ ಮೇಲೆ 'ಚಿಕ್ಕಬಳ್ಳಾಪುರ', 'ಶಿಡ್ಲಘಟ್ಟ' ಎಂದು ಹಾಕಿ. ಆಮೇಲೆ ಗೌರಿಬಿದನೂರು ತಾಲ್ಲೂಕಿನ 'ವಿದುರಾಶ್ವತ್ಥ' ಹಾಕಿ. ಒಂದು ಮಾರು ದೂರದಿಂದ ಓದಲು ಬಂದರೆ ಆ ಅಳತೆ ಸರಿ. ಬಾರದಿದ್ದರೆ ಅಕ್ಷರ ದೊಡ್ಡದು ಮಾಡಿ.

ಹೆಸರನ್ನು ಬಾಯಿಮಾತಿನಲ್ಲಿ ಕೇಳಿಕೊಳ್ಳಬೇಡಿ. ಗಿರಾಕಿಯಿಂದ ಕಾಗದದಲ್ಲಿ ಬರೆಸಿಕೊಳ್ಳಿ. ಅವರಿಗೆ ಬರೆಯಲು ಬಾರದಿದ್ದರೆ ನೀವೇ ಬರೆದು ಓದಿ ಹೇಳಿ.

ನಮೂನೆ ಪುಸ್ತಕ ಇಡಿ

ಪರೀಕ್ಷೆ ಮಾಡಿದ ಚೂರನ್ನು ಬಿಸಾಡಬೇಡಿ. ಒಂದು ಹಳೆಯ ನೋಟುಪುಸ್ತಕಕ್ಕೆ ಅಂಟಿಸಿ. ಪಕ್ಕದಲ್ಲಿ ಹೀಗೆ ಬರೆಯಿರಿ:

ತಾರೀಕು:
ಡಿಸೈನಿನ ಹೆಸರು, ಅಳತೆ:
ಬಟ್ಟೆ:
ಸೂಜಿ ನಂಬರು:
ದಾರದ ಬಣ್ಣ, ನಂಬರು:
ಕ್ಯಾನ್ವಾಸ್ ಎಷ್ಟು ಪದರ:
ಹಿಡಿದ ಸಮಯ:
ಏನು ಸರಿ ಮಾಡಬೇಕು:

ಸೂಜಿಯ ಪೊಟ್ಟಣದ ಮೇಲೆ 9, 11, 14 ಎಂದು ನಂಬರು ಇರುತ್ತದೆ. ನಂಬರು ಚಿಕ್ಕದಾದಷ್ಟು ಸೂಜಿ ಸಣ್ಣ. ತೆಳು ಬಟ್ಟೆಗೆ ಸಣ್ಣ ಸೂಜಿ. ಓದಿ ತೆಗೆದುಕೊಳ್ಳಿ. ಅಂಗಡಿಯವರು ಕೊಟ್ಟದ್ದನ್ನು ಹಾಗೇ ತರಬೇಡಿ.

ಈ ಪುಸ್ತಕವನ್ನು ಗಿರಾಕಿಗೆ ತೋರಿಸಿ. "ಈ ಬಣ್ಣ, ಈ ಅಳತೆ ಆಗಬಹುದಾ?" ಎಂದು ಕೇಳಿ. ಒಪ್ಪಿದರೆ ಸಹಿ ಹಾಕಿಸಿ. ನಾಳೆ "ನಾನು ಹೇಳಿದ್ದು ಇದಲ್ಲ" ಎಂಬ ಜಗಳ ಬರುವುದಿಲ್ಲ. ಆರು ತಿಂಗಳ ಮೇಲೆ ಅದೇ ಹೂವು ಕೇಳಿದರೆ ಮತ್ತೆ ತಡಕಾಡಬೇಕಿಲ್ಲ. ಪುಟ ತಿರುಗಿಸಿದರೆ ಸಾಕು. ನೆನಪು ಮಾಸಬಹುದು, ಬರೆದದ್ದು ಉಳಿಯುತ್ತದೆ.

ನೆನಪಿಡಿ

– ರೇಷ್ಮೆಗೆ ಬಿದ್ದ ಸೂಜಿ ತೂತು ಹೋಗುವುದಿಲ್ಲ.
– ಮೊದಲು ಅಗ್ಗದ ಬಟ್ಟೆ, ಆಮೇಲೆ ನಿಜವಾದ ಬಟ್ಟೆಯ ಮೂಲೆ, ಕೊನೆಗೆ ರವಿಕೆ.
– ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.
– ಮುಂಭಾಗದ ಜೊತೆ ಹಿಂಭಾಗವನ್ನೂ ನೋಡಿ.
– ಪರೀಕ್ಷೆಯ ಖರ್ಚನ್ನು ಕೂಲಿಯಲ್ಲಿ ಸೇರಿಸಿ ಹೇಳಿ. ಅದು ನಿಮ್ಮ ದುಡಿಮೆಯೇ.

ಓದಿ, ಯೋಚಿಸಿ, ಬರೆಯಿರಿ

1. ಗೂಡು ಕೊಳ್ಳುವವರು ಗೂಡನ್ನು ಏಕೆ ಅಲ್ಲಾಡಿಸುತ್ತಾರೆ?
2. ಹತ್ತಿ ಬಟ್ಟೆಯ ಮೇಲೆ ಮಾತ್ರ ಪರೀಕ್ಷೆ ಮಾಡಿದರೆ ರೇಷ್ಮೆಗೆ ಏಕೆ ಸಾಲದು?
3. ದಾರ ಕಡಿದರೆ ಮೊದಲು ಏನು ಮಾಡಬೇಕು? ಆಮೇಲೆ ಏನು?
4. ಬಿಟ್ಟ ಜಾಗ ತುಂಬಿರಿ: ಬಾಬಿನ್ ದಾರ ಹಿಂಭಾಗದ ನಡುವೆ ______ರಲ್ಲಿ ಒಂದು ಪಾಲು ಕಾಣಬೇಕು.
5. ಲೆಕ್ಕ ಮಾಡಿ: 9,000 ಹೊಲಿಗೆಯ ಡಿಸೈನ್. ನಿಮಿಷಕ್ಕೆ 600 ಹೊಲಿಗೆ. ಎಷ್ಟು ನಿಮಿಷ ಬೇಕು?
6. ಬರೆಯಿರಿ: ಧನ – ದನ, ಶಿಡ್ಲಘಟ್ಟ, ಚಿಂತಾಮಣಿ, ವಿದುರಾಶ್ವತ್ಥ. ನಿಮ್ಮ ಹೆಸರನ್ನೂ ಊರಿನ ಹೆಸರನ್ನೂ ಬರೆಯಿರಿ.
7. ಗುಂಪಿನಲ್ಲಿ ಮಾತಾಡಿ: ಬಟ್ಟೆ ಕೆಟ್ಟರೆ ನಷ್ಟ ಯಾರು ಹೊರಬೇಕು? ಕೆಲಸ ಹಿಡಿಯುವ ಮೊದಲೇ ಗಿರಾಕಿಯ ಹತ್ತಿರ ಏನೇನು ಮಾತಾಡಿಕೊಳ್ಳಬೇಕು?