ವೈಶಾಖದೊಳಗೆ ವಾಸಿಯಾಗಬೇಕೇ?

ಪ್ರಶ್ನೆ: ನನಗೆ 26 ವರ್ಷ. ತುಟಿಯಂಚಿನಲ್ಲಿ, ಬೆರಳ ತುದಿಗಳಲ್ಲಿ ತೊನ್ನಿದೆ. ಎರಡು ಸಂಬಂಧ ಮುರಿದವು. ಮೆಡಿಕಲ್ ಕಾಲೇಜಿನ ಡಾಕ್ಟರು ಹೊಸ ಮುಲಾಮಿನ ಟ್ರಯಲ್‌ಗೆ ಸೇರುತ್ತೀರಾ ಎಂದು ಕೇಳಿದ್ದಾರೆ. ‘ನಿನ್ನ ಮೇಲೆ ಪ್ರಯೋಗ ಮಾಡ್ತಾರೆ, ಬೇಡ’ ಅಂತಾರೆ ಅಮ್ಮ. ವೈಶಾಖದೊಳಗೆ ವಾಸಿಯಾಗುವುದಾದರೆ ಸೇರಲೇ?

ಉತ್ತರ: ಮದುವೆಮನೆಯ ಪಂಕ್ತಿಯಲ್ಲಿ ಎಲೆಗೆ ಕೈ ಹಾಕಲು ಹಿಂಜರಿದು, ಹಸಿವಿಲ್ಲ ಎಂದು ಎದ್ದು ಬಂದೆ ಅಂತ ಬರೆದಿದ್ದೀರಿ. ಮಚ್ಚೆ ನೋಯುವುದಿಲ್ಲ, ಪಕ್ಕದವರ ನೋಟ ನೋಯಿಸುತ್ತದೆ. ಆ ಸಂಕಟಕ್ಕೆ ನಾಚಿಕೊಳ್ಳಬೇಡಿ. ತೊನ್ನು ಅಂಟುವುದಿಲ್ಲ, ಅದು ಕುಷ್ಠವಲ್ಲ, ಮೀನು ತಿಂದು ಹಾಲು ಕುಡಿದಿದ್ದಕ್ಕೆ ಬಂದದ್ದೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ತಿರುಗಿಬೀಳುವುದರಿಂದ ಬರುವ ತೊಂದರೆ ಇದು.

ಅಮ್ಮನ ಭಯವನ್ನು ತಳ್ಳಿಹಾಕಬೇಡಿ. ಸರಿಯಾಗಿ ತಿಳಿಸದೆ ಔಷಧ ಪ್ರಯೋಗಿಸಿದರೆಂಬ ದೂರುಗಳು ನಮ್ಮಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿದ್ದವು. ಈಗ 2019ರ ನಿಯಮಗಳಿವೆ. ಎಥಿಕ್ಸ್ ಕಮಿಟಿ ಒಪ್ಪದೆ ಟ್ರಯಲ್ ನಡೆಸುವಂತಿಲ್ಲ. ಸಿಟಿಆರ್‌ಐ ಎಂಬ ಸರ್ಕಾರಿ ಪಟ್ಟಿಯಲ್ಲಿ ಅದು ನೋಂದಣಿಯಾಗಿರಬೇಕು. ಸೇರಿದ ಮೇಲೂ ಕಾರಣ ಹೇಳದೆ ಹೊರಬರಬಹುದು, ಅದಕ್ಕಾಗಿ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ನನಗೆ ಅಳುಕಿರುವುದು ಟ್ರಯಲ್ ಬಗ್ಗೆ ಅಲ್ಲ, ನಿಮ್ಮ ‘ವೈಶಾಖದೊಳಗೆ’ ಎಂಬ ಮಾತಿನ ಬಗ್ಗೆ. 2022ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ರುಕ್ಸೋಲಿಟಿನಿಬ್ ಮುಲಾಮನ್ನೇ ನೋಡಿ. ದೊಡ್ಡ ಟ್ರಯಲ್‌ಗಳಲ್ಲಿ 24 ವಾರ ಹಚ್ಚಿದ ಮೇಲೆ, ಮುಖದ ಮಚ್ಚೆ ಮುಕ್ಕಾಲು ಪಾಲು ತುಂಬಿಬಂದದ್ದು ಹತ್ತರಲ್ಲಿ ಸುಮಾರು ಮೂವರಿಗೆ. ತಜ್ಞರ ಲೆಕ್ಕದಲ್ಲಿ ಅದು ಒಳ್ಳೆಯ ಫಲಿತಾಂಶ. ಬೆರಳ ತುದಿಯ ಮಚ್ಚೆಗಳಂತೂ ಎಲ್ಲ ಚಿಕಿತ್ಸೆಗೂ ಹಟ ಹಿಡಿಯುತ್ತವೆ. ಮೇಲಾಗಿ, ಕೆಲವರಿಗೆ ಔಷಧವಿಲ್ಲದ ಮುಲಾಮು ಸಿಗುತ್ತದೆ. ಯಾರಿಗೆ ಯಾವುದು ಎಂದು ರೋಗಿಗೂ ಡಾಕ್ಟರಿಗೂ ತಿಳಿಯದಂತೆ ಇಡುವುದು ಇಂಥ ಟ್ರಯಲ್‌ಗಳ ರೂಢಿ. ಮೋಸವಲ್ಲ, ಔಷಧದ ನಿಜವಾದ ಗುಣ ತಿಳಿಯಲು ಬೇರೆ ದಾರಿಯಿಲ್ಲ. ಆದರೆ ಲಗ್ನ ಗೊತ್ತುಮಾಡಿಕೊಂಡು ಕಾದವರಿಗೆ ಅದು ತಡೆಯಲಾರದ ನಿರಾಸೆಯಾದೀತು.

ಹಾಗಾಗಿ ಮದುವೆಯ ಮಾತು ಒಂದು ಕಡೆ ಇರಲಿ, ಮುಲಾಮಿನ ಮಾತು ಇನ್ನೊಂದು ಕಡೆ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಕೇಳಿ ಪಡೆಯಿರಿ. ಅಲ್ಲೇ ಸಹಿ ಹಾಕಬೇಡಿ, ಮನೆಗೆ ತಂದು ಅಮ್ಮನ ಜೊತೆ ಕೂತು ಓದಿ. ಅಡ್ಡಪರಿಣಾಮವಾದರೆ ಖರ್ಚು ಯಾರದು, ಈಗಿನ ಬೆಳಕಿನ ಚಿಕಿತ್ಸೆ ನಿಲ್ಲಿಸಬೇಕೇ, ಟ್ರಯಲ್ ಮುಗಿದ ಮೇಲೆ ಮುಲಾಮು ಸಿಗುತ್ತದೆಯೇ, ಗರ್ಭ ಧರಿಸುವ ಬಗ್ಗೆ ನಿರ್ಬಂಧವಿದೆಯೇ ಎಂದು ಡಾಕ್ಟರನ್ನು ಕೇಳಿ. ಕೊನೆಯ ಪ್ರಶ್ನೆಗೆ ಸಂಕೋಚಪಡಬೇಡಿ. ಉತ್ತರ ಹಾರಿಕೆಯದಾದರೆ ಬೇಡವೆನ್ನಿ, ಸಮಾಧಾನವಾದರೆ ಸೇರಿ.

ರಾತ್ರಿ ನಿದ್ದೆ ಬರುತ್ತಿಲ್ಲ, ಯಾರನ್ನೂ ನೋಡುವುದೇ ಬೇಡವೆನಿಸುತ್ತದೆ ಎಂದೂ ಬರೆದಿದ್ದೀರಿ. ಅದಕ್ಕೆ ಮುಲಾಮಿನ ಫಲಿತಾಂಶಕ್ಕಾಗಿ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಇವತ್ತೇ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.